ಆಶ್ಲಿ ವೆಸ್ಟ್‌ವುಡ್ ನೆನಪಲ್ಲಿ ಕೋಲಾರ ಸೀಮೆ ಸುತ್ತಾಟ

2025ರ ಡಿಸೆಂಬರ್ ಬಂದರೂ ಫುಟ್‌ಬಾಲ್ ಲೀಗ್ ಶುರುವಾಗಿರಲಿಲ್ಲ. ಜುಲೈನಲ್ಲಿ ತಡೆಹಿಡಿದ ಐಎಸ್‌ಎಲ್ ಯಾವಾಗ ನಡೆಯುತ್ತದೆ ಎಂದು ಹೇಳುವವರಿರಲಿಲ್ಲ. ವಾರಾಂತ್ಯಕ್ಕೆ ಕಂಠೀರವಕ್ಕೆ ಹೋಗಿ ಅಭ್ಯಾಸವಾದವರಿಗೆ ಲೀಗ್ ಇಲ್ಲದ ಚಳಿಗಾಲ ಕಳೆಯುವುದು ಕಷ್ಟ. ಹಾಗಾಗಿ ಒಂದು ಕಾಲದಲ್ಲಿ ನನ್ನ ಜೊತೆ ಬೆಂಗಳೂರು ಎಫ್‌ಸಿ ಅಭಿಮಾನಿಗಳ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಿದ್ದ ಕೋಲಾರ ಕಡೆಯ ಗೆಳೆಯರನ್ನು ಅವರವರ ಊರಲ್ಲೇ ನೋಡಿ ಬರೋಣ ಎಂದು ಹೊರಟೆ.

ಇದಕ್ಕೆ ಇನ್ನೊಂದು ಕಾರಣವೂ ಇತ್ತು. 2025ರ ಜೂನ್ 10ರಂದು ಹಾಂಗ್‌ಕಾಂಗ್‌ನ ಕೈ ಟಕ್ ಕ್ರೀಡಾಂಗಣದಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಭಾರತ 0-1ರಿಂದ ಸೋತಿತು. ತೊಂಬತ್ತು ನಿಮಿಷ ಮುಗಿದ ಮೇಲೆ ಸೇರಿಸಿದ ಸಮಯದಲ್ಲಿ ಬಂದ ಪೆನಾಲ್ಟಿ ಅದು. ಗೆದ್ದ ತಂಡದ ಕೋಚ್ ನಮ್ಮ ಆಶ್ಲಿ ವೆಸ್ಟ್‌ವುಡ್, ಬೆಂಗಳೂರು ಎಫ್‌ಸಿಯ ಮೊದಲ ಕೋಚ್. ವರ್ಷಗಟ್ಟಲೆ ಹುಟ್ಟುಹಬ್ಬದ ಶುಭಾಶಯಕ್ಕಷ್ಟೇ ಉಳಿದಿದ್ದ ನಮ್ಮ ವಾಟ್ಸಾಪ್ ಗುಂಪು ಆ ರಾತ್ರಿ ಹೊತ್ತಿಕೊಂಡಿತು. ಒಬ್ಬ ಬೈದ, ಒಬ್ಬ ಸಮರ್ಥಿಸಿದ, ಒಬ್ಬ ಗುಂಪು ಬಿಟ್ಟೇ ಹೋದ. ಬೆಳಿಗ್ಗೆ ನಮ್ಮ ಗುಂಪಿನವರೇ ಆದ ಕೆಜಿಎಫ್‌ನ ಅಕ್ಕ ಅವನನ್ನು ಮತ್ತೆ ಸೇರಿಸಿ, ‘ಎದುರಾಬದರು ಕೂತು ಮಾತಾಡ್ರೋ’ ಎಂದು ಬರೆದರು. ಆ ಮಾತು ನನ್ನ ತಲೆಯಲ್ಲಿ ಕೂತಿತ್ತು.

ಶುಕ್ರವಾರ, ಬಂಗಾರಪೇಟೆ

ಸಂಜೆ ಕಂಟೋನ್ಮೆಂಟ್‌ನಲ್ಲಿ ಮಾರಿಕುಪ್ಪಂ ರೈಲು ಹತ್ತಿದೆ. ಈ ರೈಲಿನಲ್ಲಿ ಜಾಗ ಕೇಳಬಾರದು, ಸಿಕ್ಕಿದ ಕಡೆ ನಿಲ್ಲಬೇಕು. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ದಿನಾ ಬೆಳಿಗ್ಗೆ ಬೆಂಗಳೂರಿಗೆ ದುಡಿಯಲು ಬಂದು ರಾತ್ರಿ ವಾಪಸ್ಸಾಗುವುದು ಇದೇ ದಾರಿಯಲ್ಲಿ. ಬೈಯಪ್ಪನಹಳ್ಳಿ, ಕೆ.ಆರ್.ಪುರಂ, ವೈಟ್‌ಫೀಲ್ಡ್ ದಾಟುವವರೆಗೂ ಜನ ತುಂಬುತ್ತಲೇ ಇದ್ದರು. ಮಾಲೂರಿನಲ್ಲಿ ಒಂದಷ್ಟು ಜನ ಇಳಿದಾಗ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಟೇಕಲ್‌ನ ಬಂಡೆಗುಡ್ಡಗಳು ಆ ಹೊತ್ತಿಗೆ ಕತ್ತಲಲ್ಲಿ ಮುಳುಗಿದ್ದವು.

ನಿಂತಿದ್ದಷ್ಟು ಹೊತ್ತೂ 2013ನೇ ಇಸವಿ ನೆನಪಾಗುತ್ತಿತ್ತು. ಆ ವರ್ಷ ಜುಲೈನಲ್ಲಿ ಜೆಎಸ್‌ಡಬ್ಲ್ಯು ಒಡೆತನದಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಕೋಚ್ ಆಗಿ ಬಂದ ಇಂಗ್ಲಿಷಿನವನ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಬೆಳೆದು, ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ ಎಂದು ಊರೂರು ಆಡಿ, ಪೋರ್ಟ್ಸ್‌ಮತ್ ಮತ್ತು ಬ್ಲ್ಯಾಕ್‌ಬರ್ನ್‌ನಲ್ಲಿ ಸಹಾಯಕನಾಗಿದ್ದವರು. ವಯಸ್ಸು ಆಗಿನ್ನೂ ನಲವತ್ತು ಮುಟ್ಟಿರಲಿಲ್ಲ. ಕೋಲ್ಕತ್ತ, ಗೋವಾದ ಹಳೇ ಕ್ಲಬ್‌ಗಳ ಮುಂದೆ ಹೊಸ ತಂಡ ಮೊದಲ ವರ್ಷ ಮಧ್ಯದಲ್ಲೆಲ್ಲೋ ಉಳಿದರೆ ಸಾಕು ಎನ್ನುವುದು ಎಲ್ಲರ ಲೆಕ್ಕ. ಸೆಪ್ಟೆಂಬರ್ 22ರಂದು ಮೋಹನ್ ಬಗಾನ್ ವಿರುದ್ಧ ಮೊದಲ ಪಂದ್ಯ 1-1ರಲ್ಲಿ ಮುಗಿಯಿತು. ಮುಂದಿನ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿದಾಗ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ನಮ್ಮದಾಯಿತು. ಹುಟ್ಟಿದ ವರ್ಷವೇ ದೇಶದ ಚಾಂಪಿಯನ್.

ಬಂಗಾರಪೇಟೆ ಗೆಳೆಯ ಪ್ಲಾಟ್‌ಫಾರಂನಲ್ಲೇ ಕಾಯುತ್ತಿದ್ದ. ರೈಲ್ವೆಯಲ್ಲಿ ಕೆಲಸ. ಆಗ ನಮ್ಮ ಗುಂಪಿನ ಟೈಂಟೇಬಲ್ ಅವನೇ. ರಾತ್ರಿ ಪಂದ್ಯಗಳ ದಿನ ಕೊನೆಯ ಸೀಟಿ ಊದಿದ ಮೇಲೆ ಯಾರು ಎಷ್ಟು ಬೇಗ ಓಡಿದರೆ ಯಾವ ರೈಲು ಸಿಗುತ್ತದೆ, ತಪ್ಪಿದರೆ ಚೆನ್ನೈ ಕಡೆಯ ಯಾವ ಗಾಡಿ ಬಂಗಾರಪೇಟೆಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಕೆಜಿಎಫ್‌ಗೆ ಹಂಚಿಕೊಂಡು ಹೋಗಲು ಆಟೋದವನಿಗೆ ಎಷ್ಟು ಕೊಡಬೇಕು, ಎಲ್ಲ ಅವನ ಬಾಯಲ್ಲಿರುತ್ತಿತ್ತು.

ಬ್ಯಾಗ್ ಮನೆಗೆ ಹಾಕುವ ಮೊದಲೇ ಪಾನಿಪುರಿ ಗಾಡಿಗೆ ಕರೆದುಕೊಂಡು ಹೋದ. ಬಂಗಾರಪೇಟೆ ಪಾನಿಯಲ್ಲಿ ಹಸಿರು ಬಣ್ಣ ಇರುವುದಿಲ್ಲ. ತಿಳಿನೀರಿನ ಹಾಗೆ ಕಾಣುತ್ತದೆ, ಬಾಯಿಗೆ ಇಟ್ಟಮೇಲೆ ಖಾರ ನೆತ್ತಿಗೇರುತ್ತದೆ. ಚಳಿಗೆ ಒಳ್ಳೆಯ ಮದ್ದು.

‘ನಂಗೆ ಕೋಚ್ ಅಂದ್ರೆ ಎಂಬತ್ತನೇ ನಿಮಿಷ ಗುರು’ ಅಂದ ಅವನು, ಇನ್ನೊಂದು ಪ್ಲೇಟಿಗೆ ಕೈಸನ್ನೆ ಮಾಡುತ್ತಾ. ‘ನಾನು ಗಡಿಯಾರ ನೋಡ್ಕೊಂಡು ಕಾಲು ಕುಣಿಸ್ತಿದ್ದೆ, ರೈಲು ಹೋಗ್ತದಲ್ಲ ಅಂತ. ಆ ಕಡೆ ತಂಡದೋರು ಸೊಂಟಕ್ಕೆ ಕೈ ಇಟ್ಕೊಂಡು ನಿಂತಿರೋರು. ನಮ್ಮೋರು ಮಾತ್ರ ಮೊದಲ ನಿಮಿಷದಂಗೆ ಓಡೋರು. ಹೆಂಗೆ ಬಿಟ್ಟು ಬರ್ಲಿ ಹೇಳು?’

ಇದನ್ನು ಅವನೊಬ್ಬನೇ ಹೇಳುವುದಲ್ಲ. ಆ ತಂಡವನ್ನು ಕಂಡ ಯಾರನ್ನೇ ಕೇಳಿ, ಮೊದಲು ಫಿಟ್‌ನೆಸ್ ಮಾತು ಬರುತ್ತದೆ. ಆಟಗಾರರು ಏನು ತಿನ್ನುತ್ತಾರೆ, ಎಷ್ಟು ಮಲಗುತ್ತಾರೆ, ಪಂದ್ಯದ ಮರುದಿನ ದೇಹಕ್ಕೆ ಏನು ಆರೈಕೆ ಎಂಬುದೆಲ್ಲ ಕ್ಲಬ್ಬಿನ ಕೆಲಸ ಎಂದು ನಮ್ಮ ಕಡೆ ತೋರಿಸಿಕೊಟ್ಟವರು ವೆಸ್ಟ್‌ವುಡ್. ಆ ಮೊದಲ ಹಂಗಾಮಿನಲ್ಲಿ ಸುನಿಲ್ ಛೇತ್ರಿ ಲೀಗ್‌ನಲ್ಲಿ 14 ಗೋಲು ಹೊಡೆದರು. ರಕ್ಷಣೆಯಲ್ಲಿ ಜಾನ್ ಜಾನ್ಸನ್, ಕರ್ಟಿಸ್ ಒಸಾನೊ ಗೋಡೆ ಕಟ್ಟಿದ್ದರು. ಆಟ ಕಣ್ಣಿಗೆ ಹಬ್ಬವಾಗಿತ್ತು ಎಂದು ಹೇಳಲಾರೆ. ಚೆಂದದ ಪಾಸಿಂಗ್ ನೋಡಬೇಕೆಂದರೆ ಅವರ ನಂತರ ಬಂದ ಆಲ್ಬರ್ಟ್ ರೋಕಾರ ತಂಡವೇ ಮೇಲು. ಆದರೆ ವೆಸ್ಟ್‌ವುಡ್ ತಂಡವನ್ನು ಸೋಲಿಸುವುದು ಎದುರಾಳಿಗೆ ಬೆವರು ಕಿತ್ತು ಬರುವ ಕೆಲಸ ಆಗಿತ್ತು. ಟಿಕೆಟ್ ಕೊಂಡು, ರೈಲು ತಪ್ಪಿಸಿಕೊಂಡು ಬಂದವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ಶನಿವಾರ, ಕೆಜಿಎಫ್

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಕವಲು ದಾರಿ ಪುಟ್ಟದು. ಕೋರಮಂಡಲ್, ಊರ್ಗಾಂ, ಚಾಂಪಿಯನ್. ನಿಲ್ದಾಣಗಳ ಹೆಸರು ಓದುತ್ತಿದ್ದರೇ ಗಣಿಯ ನಕ್ಷೆ ಕಣ್ಣಿಗೆ ಕಟ್ಟುತ್ತದೆ. ಊರ್ಗಾಂನಲ್ಲಿ ಇಳಿದರೆ ಎದುರಿಗೆ ಸೈನೈಡ್ ದಿಬ್ಬ. ನೂರಿಪ್ಪತ್ತು ವರ್ಷ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣು ಗುಡ್ಡಗುಡ್ಡವಾಗಿ ಬಿದ್ದಿದೆ. ಮಳೆ ಕೊರೆದ ಸೀಳುಗಳು ಬೆಳಗಿನ ಬಿಸಿಲಲ್ಲಿ ಎದ್ದು ಕಾಣುತ್ತಿದ್ದವು.

ಅಕ್ಕ ಶಾಲೆಯಲ್ಲಿ ಟೀಚರ್. ಅವರ ತಮ್ಮ ನನ್ನ ಓರಗೆಯವನು, ಈಗ ಗಲ್ಫಿನಲ್ಲಿದ್ದಾನೆ. ಅಪ್ಪ ಚಾಂಪಿಯನ್ ರೀಫ್‌ನಲ್ಲಿ ದುಡಿದವರು. ನಾವೆಲ್ಲ ಅವರನ್ನು ತಾತ ಎಂದೇ ಕರೆಯುವುದು. ಕೋಲಾರದ ಪಕ್ಕದ ಹಳ್ಳಿಯಿಂದ ಗಣಿಗೆ ಬಂದ ಕನ್ನಡದ ಕುಟುಂಬ, ಆದರೆ ಬೀದಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ, ನೆಂಟರು ಬಂದರೆ ತೆಲುಗು. ಆ ಮನೆಯಲ್ಲಿ ಒಂದೇ ಮಾತು ಮೂರು ಭಾಷೆ ತಿರುಗಿ ಬರುತ್ತದೆ.

ಅಕ್ಕ ಹಿತಕಿದ ಬೇಳೆ ಸಾರು ಮಾಡಿದ್ದರು. ಅವರೆಯ ಕಾಲ. ಮುದ್ದೆ ಮುರಿಯುತ್ತಾ ತಾತ ಹೇಳಿದರು, ‘ನಾವೂ ಆಡಿದ್ವಿ ಕಣಪ್ಪ. ಮೈನ್‌ಗೊಂದು ಟೀಮು. ನಂದಿದುರ್ಗ ಮೈನ್ ಮೇಲೆ ಆಟ ಅಂದ್ರೆ ಶಿಫ್ಟ್ ಬದಲಾಯಿಸ್ಕೊಂಡು ಬರೋರು ಜನ. ಬೂಟು ಇದ್ದೋರು ಬೂಟು, ಇಲ್ದೋರು ಬರಿಗಾಲು.’

ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಅದರ ಜೊತೆ ಮೈದಾನದ ತಂಡಗಳೂ ಚದುರಿದವು ಎನ್ನುವುದು ತಾತನ ಕೊರಗು. ಆಮೇಲೆ ಹನ್ನೆರಡು ವರ್ಷ ಅವರು ಫುಟ್‌ಬಾಲ್ ಕಡೆ ತಲೆ ಹಾಕಿರಲಿಲ್ಲವಂತೆ. ಮಕ್ಕಳು ಹಟ ಮಾಡಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಕರೆದುಕೊಂಡು ಹೋದ ದಿನದಿಂದ ಮತ್ತೆ ಶುರುವಾಯಿತು. ಆ ಹಳೇ ಮೈದಾನದ ಸುಖವೇ ಬೇರೆ. ಕಂಠೀರವದಲ್ಲಿ ಓಟದ ಟ್ರ್ಯಾಕ್ ನಡುವೆ ಬರುತ್ತದೆ, ಆಟ ದೂರ. ಅಶೋಕನಗರದಲ್ಲಿ ಗೆರೆಯ ಪಕ್ಕದಲ್ಲೇ ಜನ. ಕೋಚ್ ಕೂಗಿದ್ದು ನಮಗೆ ಕೇಳುತ್ತಿತ್ತು, ನಾವು ಕೂಗಿದ್ದು ಅವರಿಗೂ ಕೇಳುತ್ತಿತ್ತು. ವೆಸ್ಟ್ ಬ್ಲಾಕ್ ಎಂಬ ಹೆಸರು ಹುಟ್ಟಿದ್ದೂ ಆ ಮೈದಾನದ ಪಶ್ಚಿಮದ ಮೆಟ್ಟಿಲುಗಳಿಂದ.

‘ಅವನು ಇಂಗ್ಲಿಷಲ್ಲಿ ಬೈಯೋದು ನಂಗೆ ಪೂರ್ತಿ ತಿಳೀತಿರ್ಲಿಲ್ಲ’ ಅಂದರು ತಾತ. ‘ಆದ್ರೆ ಬೈದೋನ ಮುಖ ನೋಡಿದ್ರೆ ತಿಳೀತದೆ. ನಮ್ ಮೈನ್‌ನಲ್ಲಿ ಒಳ್ಳೆ ಮೇಸ್ತ್ರಿ ಅಂಗೇ ಇರೋನು. ಕೆಳಗಿದ್ದಾಗ ಬಾಯಿಗೆ ಬಂದಂಗೆ ಬೈಯೋನು, ಶಿಫ್ಟ್ ಮುಗಿದಾಗ ಕೊನೇ ಆಳು ಮೇಲಕ್ಕೆ ಹೋಗೋ ಕೇಜ್ ಹತ್ತೋವರ್ಗೂ ತಾನು ಹತ್ತೋನಲ್ಲ. ಅಂಥೋನ ಕೈಕೆಳಗೆ ಕೆಲಸ ಮಾಡಕ್ಕೆ ಜನ ಮುಂದೆ ಬರೋರು.’

ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದು ಬಂದ ಮನುಷ್ಯ ಆಡಿದ ಮಾತು ಅದು. ವೆಸ್ಟ್‌ವುಡ್ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಓದಿದ್ದೇನೆ. ಇಷ್ಟು ಸರಿಯಾಗಿ ಹೇಳಿದವರು ಇನ್ನೊಬ್ಬರಿಲ್ಲ.

ಊಟವಾದ ಮೇಲೆ ಅಕ್ಕ ಒಳಕೋಣೆಯ ಬೀರು ತೆಗೆದು ಬಾಗಿಲಿನ ಒಳಮೈ ತೋರಿಸಿದರು. ಮೇಲಿಂದ ಕೆಳಗಿನವರೆಗೆ ನೀಲಿ ಬಾಲ್‌ಪೆನ್ನಿನಲ್ಲಿ ಪಂದ್ಯಗಳು. ತಾರೀಖು, ಎದುರಾಳಿ, ಗೋಲು. ಊರಾಚೆಯ ಪಂದ್ಯಕ್ಕೆ ಪಕ್ಕದಲ್ಲಿ ಸಣ್ಣ ಬಾಣದ ಗುರುತು. ಗೆದ್ದದ್ದಕ್ಕೆ ಕೆಳಗೆ ಒಂದು ಗೆರೆ, ಲೀಗ್ ಗೆದ್ದದ್ದಕ್ಕೆ ಎರಡು. ಬಣ್ಣದ ಮೇಲೆ ಪೆನ್ನು ಹಿಡಿಯದ ಕಡೆ ಒತ್ತಿ ಒತ್ತಿ ಬರೆದಿದ್ದಾರೆ, ಬೆರಳಾಡಿಸಿದರೆ ಅಕ್ಷರ ಕೈಗೆ ತಾಗುತ್ತದೆ. ‘31-5-2015’ ಎಂದು ಬರೆದ ಸಾಲಿನಲ್ಲಿ ಗೋಲಿನ ಲೆಕ್ಕವೇ ಇಲ್ಲ. ‘ಬಗಾನ್’ ಎಂದಷ್ಟೇ ಇದೆ.

ಆ ದಿನ ಕೋಲಾರದ ಇಡೀ ಗುಂಪು ಬಂದಿತ್ತು. ಲೀಗ್‌ನ ಕೊನೆಯ ಪಂದ್ಯ. ಗೆದ್ದರೆ ನಾವು ಚಾಂಪಿಯನ್, ಮೋಹನ್ ಬಗಾನ್‌ಗೆ ಡ್ರಾ ಸಾಕು. 41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದಾಗ ಕಂಠೀರವ ಕಿತ್ತು ಬರುತ್ತದೇನೋ ಅನಿಸಿತ್ತು. 87ನೇ ನಿಮಿಷದವರೆಗೆ ಟ್ರೋಫಿ ನಮ್ಮದೇ. ಆಗ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಒಳಗೆ ಹಾಕಿದರು. 1-1. ಮೂರೇ ನಿಮಿಷ ಬಾಕಿಯಿದ್ದಾಗ ಕೈಯಿಂದ ಜಾರಿತು.

‘ಸೀಟಿ ಊದಿದ ಮೇಲೆ ನೀನು ಕೂತುಬಿಟ್ಟೆ’ ಅಂದರು ಅಕ್ಕ ನನ್ನನ್ನು ನೋಡಿ. ‘ನಾನು ಸುತ್ತ ನೋಡ್ದೆ, ಯಾರೂ ಎದ್ದು ಹೋಗ್ತಿಲ್ಲ. ಅಳ್ತಾನೇ ಚಪ್ಪಾಳೆ ತಟ್ತಿದಾರೆ. ಆವತ್ತೇ ಅನ್ನಿಸಿದ್ದು, ಈ ಟೀಮು ನಮ್ದು ಅಂತ. ಗೆದ್ದಾಗ ಎಲ್ಲಾರ್ಗೂ ಹಂಗೇ ಅನ್ಸತ್ತೆ, ಸೋತಾಗ ಅನ್ಸಿದ್ರೆ ಅದು ನಿಜ.’

ಅಕ್ಕನ ಮಾತಿಗೆ ತಾತ ತಲೆಯಾಡಿಸಿದರು. ನನಗಂತೂ ಆ ಸಂಜೆಯ ನೆನಪಿಗೆ ಈಗಲೂ ಗಂಟಲು ಕಟ್ಟುತ್ತದೆ. ಆದರೆ ವೆಸ್ಟ್‌ವುಡ್ ಅವರ ದೊಡ್ಡತನ ನಾನು ಕಂಡದ್ದು ಆ ಸೋಲಿನ ಮುಂದಿನ ವರ್ಷ. ಅಷ್ಟು ಹತ್ತಿರ ಬಂದು ಕಳೆದುಕೊಂಡ ತಂಡಗಳು ಸಾಮಾನ್ಯವಾಗಿ ಮುರಿದುಹೋಗುತ್ತವೆ. ಇವರು ಅದೇ ತಂಡವನ್ನು ಮತ್ತೆ ನಿಲ್ಲಿಸಿದರು. 2016ರ ಏಪ್ರಿಲ್ 17, ಭಾನುವಾರ, ಅದೇ ಕಂಠೀರವದಲ್ಲಿ ಸಾಲ್ಗಾಂವ್ಕರ್ ವಿರುದ್ಧ 2-0. ಎರಡನೇ ಐ-ಲೀಗ್. ಈ ಸಾಲಿನ ಕೆಳಗೆ ಅಕ್ಕ ಎಳೆದ ಎರಡು ಗೆರೆ ಬಾಗಿಲಿನ ಅಂಚಿನವರೆಗೂ ಹೋಗಿದೆ. ಮೂರು ಹಂಗಾಮು ಇದ್ದರು: ಎರಡು ಸಲ ಮೊದಲ ಸ್ಥಾನ, ಒಂದು ಸಲ ಎರಡನೆಯದು, ನಡುವೆ 2015ರ ಜನವರಿಯಲ್ಲಿ ಫೆಡರೇಷನ್ ಕಪ್. ಎರಡಕ್ಕಿಂತ ಕೆಳಗೆ ತಂಡ ಇಳಿಯಲೇ ಇಲ್ಲ.

ಬೀರು ಬಾಗಿಲಿನಲ್ಲಿ ಸ್ವಲ್ಪ ಕೆಳಗೆ, ‘25-5-2016 ಕಿಚ್ಚಿ 2-3’ ಎಂದಿದೆ, ಪಕ್ಕದಲ್ಲಿ ಬಾಣ. ಹಾಂಗ್‌ಕಾಂಗ್‌ಗೆ ಹೋಗಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್‌ನಲ್ಲಿ ಕಿಚ್ಚಿ ತಂಡವನ್ನು ಸೋಲಿಸಿ ಎಂಟರ ಘಟ್ಟಕ್ಕೆ ಏರಿದ ಪಂದ್ಯ. ಅದೇ ವೆಸ್ಟ್‌ವುಡ್ ನಮ್ಮ ತಂಡದೊಂದಿಗೆ ನಿಂತ ಕೊನೆಯ ಪಂದ್ಯವಾಯಿತು. ಆಮೇಲೆ ಸುದ್ದಿ ಬಂತು, ಅವರು ಹೊರಟರು ಎಂದು. ಕಂಠೀರವದಲ್ಲಿ ನಿಂತು ಕೈ ಬೀಸಿ ಕಳಿಸಿಕೊಡುವ ಭಾಗ್ಯ ನಮ್ಮ ಗುಂಪಿಗೆ ಸಿಗಲಿಲ್ಲ. ಅಕ್ಕನಿಗೆ ಇರುವ ಒಂದೇ ಕೊರತೆ ಅದು. ‘ಬಂದಾಗ ಯಾರೋ ಏನೋ ಅಂತ ಸುಮ್ನಿದ್ವಿ, ಹೋಗೋವಾಗ್ಲಾದ್ರೂ ಒಂದು ಮಾತು ಹೇಳ್ಬೇಕಿತ್ತಲ್ವೇನೋ’ ಎಂದರು.

ಸಂಜೆ ಅಕ್ಕನ ಜೊತೆ ಮೈದಾನಕ್ಕೆ ಹೋದೆ. ಅವರು ಶಾಲೆಯ ಹುಡುಗಿಯರಿಗೆ ಫುಟ್‌ಬಾಲ್ ಹೇಳಿಕೊಡುತ್ತಾರೆ. ಓಡಿ ಸುಸ್ತಾಗಿ ಬಂದ ಮಕ್ಕಳಿಗೆ ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಹಂಚಿದರು. ಬೋಂಡಾ ಅಂಗಡಿ ಕಡೆ ಕಣ್ಣು ಹಾಯಿಸಿದವಳನ್ನು ಗದರಿದರು. ರಾತ್ರಿ ಎಷ್ಟು ಗಂಟೆಗೆ ಮಲಗಿದೆ ಎಂದು ಒಬ್ಬೊಬ್ಬಳನ್ನೂ ಕೇಳಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರು. ಒಬ್ಬ ಹುಡುಗಿ ಮೆಲ್ಲಗೆ ನನ್ನ ಹತ್ತಿರ, ‘ಮಿಸ್ ನಮ್ಮನ್ನ ಬಾಳ ಓಡಿಸ್ತಾರೆ ಅಂಕಲ್’ ಎಂದು ದೂರಿದಳು. ಕೊನೆಯ ಹತ್ತು ನಿಮಿಷದ ಆಟದಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳೂ ಅವಳೇ.

ಭಾನುವಾರ, ಕೋಲಾರ

ಟೊಮೆಟೊ ಮಂಡಿಯ ಗೆಳೆಯನನ್ನು ಕಾಣಬೇಕೆಂದರೆ ಬೆಳಕು ಹರಿಯುವ ಹೊತ್ತಿಗೆ ಹೋಗಬೇಕು. ಕೋಲಾರದ ಎಪಿಎಂಸಿ ಅಂಗಳದಲ್ಲಿ ಬಾಕ್ಸುಗಳ ನಡುವೆ ದಾರಿ ಮಾಡಿಕೊಂಡು ಅವನ ಮಂಡಿ ಮುಟ್ಟಿದಾಗ ಹರಾಜು ಕೂಗುತ್ತಿದ್ದ. ಅದೇ ಗಂಟಲು. ವೆಸ್ಟ್ ಬ್ಲಾಕ್‌ನಲ್ಲಿ ಮೆಗಾಫೋನ್ ಇಲ್ಲದೆ ಹಾಡು ಎತ್ತಿಕೊಡುತ್ತಿದ್ದವನು. ಜೂನ್ ರಾತ್ರಿ ಗುಂಪು ಬಿಟ್ಟು ಹೋದವನೂ ಇವನೇ.

ವ್ಯಾಪಾರ ಮುಗಿಸಿ ಸ್ನಾನ ಮಾಡಿ, ಕೋಲಾರಮ್ಮನಿಗೆ ಕೈಮುಗಿದು, ಅಂತರಗಂಗೆಗೆ ಹೊರಟೆವು. ಭಾನುವಾರದ ಜನಜಾತ್ರೆ. ಕಲ್ಲಿನ ಬಸವನ ಬಾಯಿಂದ ನೀರು ಧುಮುಕುತ್ತಿತ್ತು. ಮೆಟ್ಟಿಲ ಮೇಲೆ ನೆರಳು ಹುಡುಕಿ ಕೂತೆವು. ಮಂಗಗಳ ಕಣ್ಣು ನಮ್ಮ ಕಡಲೆಕಾಯಿ ಪೊಟ್ಟಣದ ಮೇಲೆ.

ಅವನ ಸಿಟ್ಟು ಹಾಂಗ್‌ಕಾಂಗ್‌ಗಿಂತ ಹಿಂದಿನದು. 2024ರ ಮಾರ್ಚ್ 26, ಗುವಾಹಟಿ. ಸುನಿಲ್ ಛೇತ್ರಿಯ 150ನೇ ಅಂತರರಾಷ್ಟ್ರೀಯ ಪಂದ್ಯ, ವಿಶ್ವಕಪ್ ಅರ್ಹತಾ ಸುತ್ತು. ಛೇತ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದರು, ಮನೆಯಲ್ಲಿ ನಾವೆಲ್ಲ ಕುಣಿದೆವು. ಎರಡನೇ ಅವಧಿಯಲ್ಲಿ ಅಫ್ಗಾನಿಸ್ತಾನ ತಿರುಗಿಬಿದ್ದು 2-1ರಿಂದ ಗೆದ್ದಿತು. ಅಫ್ಗಾನಿಸ್ತಾನದ ಕೋಚ್ ವೆಸ್ಟ್‌ವುಡ್.

‘ಛೇತ್ರಿ ಹಬ್ಬದ ದಿನ ಕಣೋ’ ಅಂದ ಅವನು. ‘ಬೇರೆ ಯಾರಾದ್ರೂ ಆಗಿದ್ರೆ ಬಿಡು ಅಂತಿದ್ದೆ. ಇವನು ಛೇತ್ರಿನ ಕ್ಯಾಪ್ಟನ್ ಮಾಡ್ಕೊಂಡು ಕಪ್ ಎತ್ತಿಸಿದೋನು. ಉಪ್ಪು ತಿಂದ ಮನೆಗೆ ಹಿಂಗಾ ಮಾಡೋದು?’

ಅವನ ನೋವನ್ನು ನಾನು ಹಗುರ ಮಾಡಲಾರೆ. ಅಭಿಮಾನ ಇದ್ದ ಕಡೆಯೇ ಇಂಥ ಸಿಟ್ಟು ಬರುವುದು. ಆದರೆ ಒಪ್ಪಿಕೊಳ್ಳಲೂ ಆಗಲಿಲ್ಲ. ಆ ಹೊತ್ತಿಗೆ ಅಫ್ಗಾನಿಸ್ತಾನದ ಸ್ಥಿತಿ ಏನಾಗಿತ್ತು? ತಮ್ಮ ಫುಟ್‌ಬಾಲ್ ಸಂಸ್ಥೆಯ ಆಡಳಿತದ ವಿರುದ್ಧ ಸಿಡಿದು ಅನೇಕ ಪ್ರಮುಖ ಆಟಗಾರರು ತಂಡದಿಂದ ದೂರ ನಿಂತಿದ್ದರು. ತವರಿನ ಪಂದ್ಯ ತವರಿನಲ್ಲಿ ಆಡುವಂತಿಲ್ಲ, ಸೌದಿಯ ಅಭಾದಲ್ಲಿ ಆಡಬೇಕು. ರ್‍ಯಾಂಕಿಂಗ್‌ನಲ್ಲಿ ನಮಗಿಂತ ಎಷ್ಟೋ ಕೆಳಗೆ. ಸಿಕ್ಕ ಹುಡುಗರನ್ನು ಕಟ್ಟಿಕೊಂಡು ಅಭಾದಲ್ಲಿ 0-0, ಐದು ದಿನ ಬಿಟ್ಟು ಗುವಾಹಟಿಯಲ್ಲಿ ಹಿಂದೆ ಬಿದ್ದು ಗೆಲುವು. ಎಂಬತ್ತನೇ ನಿಮಿಷದ ಮೇಲೂ ಕಾಲು ಸೋಲದ ತಂಡ. ಟಿವಿಯಲ್ಲಿ ಅದನ್ನು ನೋಡುತ್ತಾ ನನಗೆ ಹೊಟ್ಟೆಯಲ್ಲಿ ಸಂಕಟವಾಗಿದ್ದು ನಿಜ, ಆ ಆಟದ ಗುರುತು ಹತ್ತಿದ್ದೂ ನಿಜ. 2013ರಲ್ಲಿ ಅಶೋಕನಗರಕ್ಕೆ ಬಂದ ಮನುಷ್ಯನೇ ಅಲ್ಲಿ ನಿಂತಿದ್ದರು, ನಮಗೆ ಕೊಟ್ಟದ್ದನ್ನೇ ಇನ್ನೊಂದು ಬಡ ತಂಡಕ್ಕೆ ಕೊಡುತ್ತಿದ್ದರು. ಛೇತ್ರಿಯ ಹಬ್ಬ ಎಂದು ಅಂದು ಕೈ ಸಡಿಲ ಬಿಟ್ಟಿದ್ದರೆ ನಾವು ಪ್ರೀತಿಸಿದ ಕೋಚ್ ಅವರಾಗಿರುತ್ತಿರಲಿಲ್ಲ.

ಇದನ್ನೇ ಹೇಳಿದೆ. ಅವನು ಬಹಳ ಹೊತ್ತು ಕಡಲೆಕಾಯಿ ಸುಲಿದ. ಆಮೇಲೆ ಅವನೇ ಮಾತು ಬದಲಿಸಿ, ‘ರೋಕಾ ಟೀಮು ದೋಹಾವರ್ಗೂ ಹೋಯ್ತು. ಕ್ವಾದ್ರಾತ್ ಐಎಸ್‌ಎಲ್ ತಂದ್ಕೊಟ್ರು. ಆದ್ರೂ ಕೋಚ್ ಅಂದ ತಕ್ಷಣ ನಮ್ ಬಾಯಿಗೆ ಇವನ ಹೆಸರೇ ಯಾಕ್ ಬರತ್ತೆ?’ ಎಂದು ಕೇಳಿದ.

ಕೇಳಬೇಕಾದ ಪ್ರಶ್ನೆಯೇ. ರೋಕಾ 2016ರ ನವೆಂಬರ್‌ನಲ್ಲಿ ತಂಡವನ್ನು ದೋಹಾದಲ್ಲಿ ನಡೆದ ಎಎಫ್‌ಸಿ ಕಪ್ ಫೈನಲ್‌ಗೆ ಕೊಂಡೊಯ್ದರು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಆ ಎತ್ತರ ಮುಟ್ಟಿರಲಿಲ್ಲ. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಐಎಸ್‌ಎಲ್ ಫೈನಲ್ ಗೆದ್ದರು, ರಾಹುಲ್ ಭೆಕೆಯ ಹೆಡರ್ ಹೆಚ್ಚುವರಿ ಅವಧಿಯಲ್ಲಿ. ಸಾಧನೆಯ ತಕ್ಕಡಿಯಲ್ಲಿ ಇವು ಕಡಿಮೆಯವಲ್ಲ. ಆದರೆ ಅವರಿಬ್ಬರೂ ಬರುವ ಹೊತ್ತಿಗೆ ನಾವು ಗೆಲ್ಲಲು ಹುಟ್ಟಿದವರು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿತ್ತು. ಆ ನಂಬಿಕೆಯನ್ನು ಬರಿಗೈಯಿಂದ ಕಟ್ಟಿದವರು ವೆಸ್ಟ್‌ವುಡ್. ಬೆಂಗಳೂರಿನಲ್ಲಿ ಯಾರು ಫುಟ್‌ಬಾಲ್ ನೋಡುತ್ತಾರೆ ಎಂದು ಕೇಳುತ್ತಿದ್ದ ಕಾಲದಲ್ಲಿ, ಮಾರಿಕುಪ್ಪಂನಿಂದ ರೈಲು ಹಿಡಿದು ಬರುವಷ್ಟು ಆಸೆ ಹುಟ್ಟಿಸಿದವರು.

ಮಂಡಿ ಗೆಳೆಯ ಎದ್ದು ಪ್ಯಾಂಟು ಕೊಡವಿಕೊಂಡ. ‘ಗುವಾಹಟಿ ನಾನು ಮರೆಯಲ್ಲ. ಆದ್ರೆ ಅವನು ಕಂಠೀರವಕ್ಕೆ ಬಂದ್ರೆ ಮೊದಲ ಹಾಡು ನಾನೇ ಎತ್ತೋದು’ ಎಂದ.

ಸೋಮವಾರ, ಮುಳಬಾಗಿಲು

ಮಂಡಿ ಗೆಳೆಯ ರಜೆ ಹಾಕುವವನಲ್ಲ, ಆದರೂ ವ್ಯಾಪಾರ ತಮ್ಮನಿಗೆ ಒಪ್ಪಿಸಿ ಬೈಕ್ ತೆಗೆದ. ರೈಲ್ವೆ ಗೆಳೆಯ ಬಂಗಾರಪೇಟೆಯಿಂದ ಬಸ್ಸಿನಲ್ಲಿ ಬಂದ. ಆಂಜನೇಯನ ದರ್ಶನ ಮುಗಿಸಿ ಮುಳಬಾಗಿಲು ದೋಸೆಗೆ ಕೂತೆವು. ಅಂಗೈಯಗಲದ ದಪ್ಪ ದೋಸೆ, ಅಂಚೆಲ್ಲ ತುಪ್ಪದಲ್ಲಿ ಕರುಕಲು, ಒಳಗೆ ಹತ್ತಿಯ ಮೆದು. ಕುರುಡುಮಲೆ ಗಣೇಶನನ್ನು ನೋಡಬೇಕೆಂದಿದ್ದೆ, ಹೊತ್ತು ಸಾಲಲಿಲ್ಲ.

ಹೊತ್ತು ಹೋದದ್ದು ಪತ್ರ ಬರೆಯುವುದರಲ್ಲಿ. ಅಕ್ಕ ಹಿಂದಿನ ರಾತ್ರಿ ಗುಂಪಿಗೆ ಸಂದೇಶ ಹಾಕಿದ್ದರು: ಆಗ ಹೇಳದೆ ಉಳಿದದ್ದನ್ನು ಈಗ ಬರೆದು ಕಳಿಸೋಣ, ಹಾಂಗ್‌ಕಾಂಗ್ ಫುಟ್‌ಬಾಲ್ ಸಂಸ್ಥೆಯ ವಿಳಾಸಕ್ಕೆ. ಶಾಲೆಯ ಊಟದ ಬಿಡುವಿನಲ್ಲಿ ಫೋನಿನ ಆ ತುದಿಯಿಂದ ಅವರು ಹೇಳಿದರು, ಈ ತುದಿಯಲ್ಲಿ ನಾನು ಹೋಟೆಲಿನವರ ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ರೈಲ್ವೆ ಗೆಳೆಯ ರೈಲಿನ ವಿಷಯ ಬರಲೇಬೇಕೆಂದ, ಸೇರಿಸಿದೆವು. ಮಂಡಿ ಗೆಳೆಯ ಗುವಾಹಟಿಯ ವಿಷಯ ಬಿಡಬಾರದೆಂದು ಪಟ್ಟು ಹಿಡಿದ. ಅಕ್ಕ ಮೊದಲು ಬೇಡವೆಂದರು, ಆಮೇಲೆ, ‘ಬರೀ. ಮನೆಯವರ ಹತ್ರ ತಾನೇ ಜಗಳ ಆಡೋದು’ ಎಂದರು. ತಾತನ ಮೇಸ್ತ್ರಿಯ ಮಾತನ್ನು ಇಂಗ್ಲಿಷಿಗೆ ತರುವಾಗ ಗಣಿ, ಶಿಫ್ಟ್, ಕೇಜ್ ಎಲ್ಲ ವಿವರಿಸಬೇಕಾಗಿ ಬಂದು ಒಂದು ಪುಟ ಹಿಡಿಯಿತು. ಯಾವುದನ್ನೂ ಕಡಿತ ಮಾಡಲಿಲ್ಲ.

ಇಂಗ್ಲಿಷಿನದು ಮೇಲೆ, ಕನ್ನಡದ್ದು ಕೆಳಗೆ. ಕೊನೆಯಲ್ಲಿ, ‘2016ರಲ್ಲಿ ನಿಮ್ಮನ್ನು ಬೀಳ್ಕೊಡಲು ಆಗಲಿಲ್ಲ. ಬಿಡುವಾದಾಗ ಒಮ್ಮೆ ಕಂಠೀರವಕ್ಕೆ ಬನ್ನಿ, ವೆಸ್ಟ್ ಬ್ಲಾಕ್‌ನಲ್ಲಿ ನಮ್ಮ ಜೊತೆ ನಿಂತು ಪಂದ್ಯ ನೋಡಿ. ಊಟ ನಮ್ಮ ಮನೆಯಲ್ಲಿ’ ಎಂದು ಬರೆದೆವು. ಆ ಊಟದ ಸಾಲು ಅಕ್ಕನದು. ಹಾಳೆಯನ್ನು ಬಿಳಿ ಕಾಗದಕ್ಕೆ ಇಳಿಸಿ, ಮೂವರೂ ಸಹಿ ಹಾಕಿ, ಅಕ್ಕ ಮತ್ತು ತಾತನ ಸಹಿಗೆ ಜಾಗ ಬಿಟ್ಟು ರೈಲ್ವೆ ಗೆಳೆಯನ ಕೈಗೆ ಕೊಟ್ಟೆವು. ರಾತ್ರಿ ಡ್ಯೂಟಿಗೆ ಮೊದಲು ಕೆಜಿಎಫ್‌ಗೆ ಹೋಗಿ ಸಹಿ ಹಾಕಿಸಿ, ಮರುದಿನ ಬಂಗಾರಪೇಟೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿದ. ರಸೀದಿಯ ಫೋಟೊ ಗುಂಪಿಗೆ ಬಂದಾಗ ನಾನು ಆಫೀಸಿನಲ್ಲಿದ್ದೆ. ಅದರ ಕೆಳಗೆ ಮೊದಲ ಮಾತು ಬ‌ರೆದವನು ಮಂಡಿ ಗೆಳೆಯ: ‘ಉತ್ತರ ಬಂದ್ರೆ ಮೊದ್ಲು ನಂಗೆ ತೋರ್ಸಿ.’